ಲಾರಿ ಪಕ್ಕದಲ್ಲಿ ಹಾದುಹೋಗುವಾಗ: ಕಾಸರಗೋಡಿನ ರಸ್ತೆಗಳಲ್ಲಿ ದ್ವಿಚಕ್ರ ಸವಾರರಿಗೆ ಗಾಳಿಯ ಮಾರ್ಗದರ್ಶಿ

ತಲಪಾಡಿ ಗಡಿಯಿಂದ ಮಂಜೇಶ್ವರ, ಉಪ್ಪಳ, ಕುಂಬಳೆಗಳನ್ನು ದಾಟಿ ಕಾಸರಗೋಡಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ಕೂಟರು, ಬೈಕುಗಳಲ್ಲಿ ಓಡಾಡುವವರನ್ನು ಕೇಳಿ ನೋಡಿ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಗಾಳಿ ತಮ್ಮನ್ನು ದೂಡಿತೆಂದು ಕೆಲವರು ಹೇಳುತ್ತಾರೆ. ಲಾರಿಯೇ ತಮ್ಮನ್ನು ಎಳೆದುಕೊಂಡಿತೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ನಿಜ. ಎರಡೂ ಒಂದೇ ಲಾರಿಯಿಂದ, ಒಂದೆರಡು ಸೆಕೆಂಡುಗಳ ಒಳಗೆ, ಒಂದರ ಬೆನ್ನಿಗೆ ಒಂದು ನಡೆಯುತ್ತವೆ. ಅಪಾಯವಿರುವುದು ಆ ಬಲ ಎಷ್ಟು ದೊಡ್ಡದು ಎಂಬುದಕ್ಕಿಂತ ಹೆಚ್ಚಾಗಿ ಅದು ಎಷ್ಟು ಬೇಗ ದಿಕ್ಕು ಬದಲಿಸುತ್ತದೆ ಎಂಬುದರಲ್ಲಿ. ಮೊದಲ ದೂಡುವಿಕೆಗೆ ಸವಾರ ಗಾಬರಿಯಿಂದ ಎದುರು ಒತ್ತು ಕೊಟ್ಟರೆ, ಆ ಒತ್ತು ಕೈಯಿಂದ ಹ್ಯಾಂಡಲಿಗೆ ಇಳಿಯುವಷ್ಟರಲ್ಲಿ ಗಾಳಿ ತಿರುಗಿರುತ್ತದೆ, ಮತ್ತು ಗಾಳಿಯೂ ಸವಾರನೂ ಸೇರಿ ಗಾಡಿಯನ್ನು ಒಂದೇ ಕಡೆಗೆ, ಅಂದರೆ ಲಾರಿಯ ಕಡೆಗೆ, ತಳ್ಳುತ್ತಾರೆ. ಇದನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಗಾಳಿ ಏನು ಮಾಡುತ್ತದೆ

ಲಾರಿ ಅಥವಾ ಬಸ್ಸಿನ ಮುಖ ಚಪ್ಪಟೆಯಾದ ಗೋಡೆ. ಅದು ಮುಂದೆ ಸಾಗಿದಂತೆ ಎದುರಿನ ಗಾಳಿ ಅದಕ್ಕೆ ಒತ್ತಿಕೊಂಡು, ಬೇರೆ ದಾರಿಯಿಲ್ಲದೆ ಎರಡು ಪಕ್ಕಗಳಿಗೂ ಮೇಲಕ್ಕೂ ಚೆಲ್ಲುತ್ತದೆ. ಹೀಗೆ ಮುಖದ ಸುತ್ತ ಹೆಚ್ಚು ಒತ್ತಡದ ವಲಯವೊಂದು ಉಂಟಾಗುತ್ತದೆ, ಮತ್ತು ಆ ವಲಯದೊಳಕ್ಕೆ ಬಂದ ಸ್ಕೂಟರನ್ನು ಅದು ಹೊರಕ್ಕೆ ದೂಡುತ್ತದೆ. ಮುಖದ ಮೂಲೆಯನ್ನು ದಾಟಿದ ಗಾಳಿ ಪಕ್ಕದಲ್ಲಿ ವೇಗವಾಗಿ ಹಿಂದಕ್ಕೆ ಹರಿಯುತ್ತದೆ. ಬರ್ನೌಲಿಯ ತತ್ತ್ವದಂತೆ ಹರಿವು ವೇಗವಾದಲ್ಲಿ ಒತ್ತಡ ಇಳಿಯುವುದರಿಂದ, ಲಾರಿಯ ಮೈಗೂ ಸವಾರನಿಗೂ ನಡುವಿನ ಇಕ್ಕಟ್ಟಿನಲ್ಲಿ ಒತ್ತಡ ಕಡಿಮೆಯಾಗಿ, ಸವಾರನ ಹೊರಬದಿಯ ಗಾಳಿ ಅವನನ್ನು ಲಾರಿಯತ್ತ ಒತ್ತುತ್ತದೆ. ಕೊನೆಯದಾಗಿ ಲಾರಿಯ ಬೆನ್ನು. ಅಲ್ಲಿ ತೆರವಾದ ಜಾಗವನ್ನು ತುಂಬಲು ಸುತ್ತಲಿನ ಗಾಳಿ ಒಳನುಗ್ಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳಾಗಿ ಕಳಚಿಕೊಳ್ಳುತ್ತದೆ. ಹೆದ್ದಾರಿಯ ಕೆಂಪು ಧೂಳೂ ಒಣ ಎಲೆಗಳೂ ಲಾರಿಯ ಹಿಂದೆ ಸುತ್ತಿ ಏಳುವುದು ಈ ಸುಳಿಗಳಲ್ಲೇ.

ಇದೇ ತತ್ತ್ವ ನೀರಿನಲ್ಲಿ ಇನ್ನಷ್ಟು ಬಲವಾಗಿ ಕೆಲಸ ಮಾಡುತ್ತದೆ. 1911ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೋಲೆಂಟ್ ಜಲಸಂಧಿಯಲ್ಲಿ ಒಲಿಂಪಿಕ್ ಎಂಬ ಭಾರೀ ಪ್ರಯಾಣಿಕ ಹಡಗಿನ ಪಕ್ಕದಲ್ಲಿ ಸಾಗುತ್ತಿದ್ದ ಹಾಕ್ ಎಂಬ ಯುದ್ಧನೌಕೆ ಅದರ ಕಡೆಗೆ ತಿರುಗಿ ಡಿಕ್ಕಿ ಹೊಡೆದಾಗ, ದೊಡ್ಡ ಹಡಗಿನ ಸೆಳೆತವೇ ಅದಕ್ಕೆ ಕಾರಣವೆಂಬ ವಾದ ನ್ಯಾಯಾಲಯದಲ್ಲಿ ದೀರ್ಘವಾಗಿ ನಡೆಯಿತು. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ; ಆದರೆ ಸ್ಕೂಟರೂ ಹಡಗಲ್ಲ.

ಪ್ರಮಾಣದ ಅಂದಾಜು ಇರಲಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿಯ ಮುಖದ ನಡುಭಾಗದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 17 ಕಿಲೋ ತೂಕದಷ್ಟು ಹೆಚ್ಚುವರಿ ಒತ್ತಡವಿರುತ್ತದೆ. ವೇಗ 80 ಆದರೆ ಅದು 30 ಕಿಲೋ ದಾಟುತ್ತದೆ. ಪಕ್ಕದಲ್ಲಿರುವ ಸವಾರನಿಗೆ ತಾಗುವುದು ಇದರ ಒಂದು ಅಂಶ ಮಾತ್ರ, ಮತ್ತು ಅಂತರ ಹೆಚ್ಚಿದಂತೆ ಅದು ಬೇಗನೆ ಕುಗ್ಗುತ್ತದೆ. ಹಾಗಿದ್ದರೂ 110 ಕಿಲೋ ಆಸುಪಾಸಿನ ಸ್ಕೂಟರೊಂದನ್ನು ಅದರ ಸಾಲಿನಿಂದ ಕದಲಿಸಲು ಕೆಲವೇ ಕಿಲೋ ತೂಕದಷ್ಟು ಬಲ ಎತ್ತರದಲ್ಲಿ ತಾಗಿದರೆ ಸಾಕು.

ಅಂತರ ಎಷ್ಟು ಸಿಗುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ಹೆದ್ದಾರಿಯ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್. ಬಸ್ಸಿನ ಅಗಲ 2.6 ಮೀಟರ್ ವರೆಗೆ ಇರಬಹುದು. ಬಸ್ಸು ತನ್ನ ಪಥದ ಸರಿಯಾದ ನಡುವಿನಲ್ಲೇ ಇದ್ದರೂ ಪ್ರತಿ ಪಕ್ಕದಲ್ಲಿ ಉಳಿಯುವುದು 45 ಸೆಂಟಿಮೀಟರ್, ಅಂದರೆ ಒಂದು ಮೊಳದಷ್ಟು. ಉಳಿದ ಅಂತರವನ್ನೆಲ್ಲ ಸವಾರನೇ ತನ್ನ ಪಥದೊಳಗೆ ಉಳಿಸಿಕೊಳ್ಳಬೇಕು.

ಮೊದಲ ಹಂತ: ಮನೆಯಿಂದ ಹೊರಡುವ ಮುನ್ನ

ಗಾಡಿಯ ಮೇಲೆ ಎತ್ತರದಲ್ಲಿ ಮತ್ತು ಅಗಲದಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಪಕ್ಕದಿಂದ ಬೀಸುವ ಗಾಳಿ ಗಾಡಿಯನ್ನು ಟಯರು ನೆಲಕ್ಕೆ ತಾಗುವ ಜಾಗದ ಸುತ್ತ ಮಗುಚಲು ನೋಡುತ್ತದೆ. ಗಾಳಿ ತಾಗುವ ವಸ್ತು ಎತ್ತರದಲ್ಲಿದ್ದಷ್ಟೂ ಅದಕ್ಕೆ ಸಿಗುವ ಸನ್ನೆಬಲ ಹೆಚ್ಚು. ಅಡಿಕೆ ಗೋಣಿ, ಹುಲ್ಲಿನ ಕಟ್ಟು, ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ ಇವುಗಳಲ್ಲಿ ನಿಜವಾಗಿ ಹೆಚ್ಚು ಅಪಾಯಕಾರಿ ಯಾವುದೆಂದರೆ ಕೊನೆಯದು, ಏಕೆಂದರೆ ಅದಕ್ಕೆ ತೂಕವಿಲ್ಲ, ಗಾಳಿ ಹಿಡಿಯುವ ಮೈ ಮಾತ್ರ ಇದೆ. ಭಾರವಾದ ಸಾಮಾನನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ತಗ್ಗಾಗಿ ಇಡಬೇಕು, ಆದರೆ ಎರಡು ಪಾದಗಳೂ ಒಳಗೆ ಊರಲು ಸ್ಥಳ ಉಳಿಯಬೇಕು. ಹ್ಯಾಂಡಲಿನ ಒಂದೇ ಬದಿಗೆ ಚೀಲ ತೂಗುಹಾಕುವುದು ಬೇಡ. ಗಾಳಿ ಅದನ್ನು ಅಲುಗಿಸಿದಾಗ ಅದು ನೇರವಾಗಿ ಮುಂದಿನ ಚಕ್ರವನ್ನು ತಿರುಗಿಸುತ್ತದೆ.

ಸೀರೆಯ ಸೆರಗು, ಶಾಲು, ಮಳೆಕೋಟಿನ ಅಂಚು ಇವೆಲ್ಲ ಬಿಗಿಯಾಗಿ ಸಿಕ್ಕಿಸಿರಬೇಕು. ಲಾರಿಯ ಪಕ್ಕದ ಸೆಳೆತಕ್ಕೆ ಅವು ಹಾರಿ ಹಿಂದಿನ ಚಕ್ರಕ್ಕೋ ಚೈನಿಗೋ ಸಿಲುಕುವುದು ಕ್ಷಣದ ಮಾತು.

ಕೊಡೆಯ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಮಳೆಗಾಲದಲ್ಲಿ ಹಿಂಬದಿ ಸವಾರರು ಕೊಡೆ ಬಿಡಿಸಿ ಹಿಡಿದು ಕುಳಿತಿರುವುದು ಈಗಲೂ ಕಾಣಸಿಗುತ್ತದೆ. ಕೇರಳದಲ್ಲಿ ದ್ವಿಚಕ್ರ ವಾಹನದಲ್ಲಿ ಕೊಡೆ ಬಿಡಿಸುವುದನ್ನು ಸಾರಿಗೆ ಇಲಾಖೆ ನಿಷೇಧಿಸಿದೆ, ಅದಕ್ಕೆ ತಕ್ಕ ಕಾರಣವೂ ಇದೆ. ಒಂದು ಮೀಟರ್ ಅಗಲದ ಕೊಡೆಯನ್ನು ಗಂಟೆಗೆ 40 ಕಿ.ಮೀ. ವೇಗದ ಗಾಳಿಗೆ ಎದುರಾಗಿ ಹಿಡಿದರೆ ಅದರ ಮೇಲೆ ಸುಮಾರು 7ರಿಂದ 8 ಕಿಲೋ ತೂಕದಷ್ಟು ಬಲ ಬೀಳುತ್ತದೆ, 60 ಕಿ.ಮೀ. ಆದರೆ ಅದು ಎರಡೂಕಾಲು ಪಟ್ಟು. ಈ ಬಲ ಬೀಳುವುದು ಸವಾರನ ತಲೆಗಿಂತ ಎತ್ತರದಲ್ಲಿ, ಹಿಂದೆ ಕುಳಿತವರ ಒಂದು ಕೈಯ ಮೂಲಕ. ಅದಕ್ಕೆ ಬಸ್ಸಿನ ಸುಳಿಗಾಳಿ ಸೇರಿಕೊಂಡರೆ ಕೊಡೆ ಹಿಡಿದವರು ಮೊದಲು ಹಿಂದಕ್ಕೆ ಬೀಳುತ್ತಾರೆ. ತಾಯಂದಿರು, ಅಜ್ಜಿಯಂದಿರು ಹೀಗೆ ಕುಳಿತು ಹೋಗುವುದನ್ನು ಕಂಡವರು ದಯವಿಟ್ಟು ಸುಮ್ಮನಿರಬೇಡಿ. ಮನೆಮಂದಿಗೆ ಮಳೆಕೋಟು ಕೊಡಿಸಿ, ಕೊಡೆಯನ್ನು ಮಡಚಿ ಸೀಟಿನಡಿಯಲ್ಲಿಡಿ.

ಹಿಂಬದಿ ಸವಾರರಿಗೆ ಒಂದೇ ಸೂಚನೆ ಸಾಕು: ದೊಡ್ಡ ವಾಹನ ಪಕ್ಕಕ್ಕೆ ಬಂದಾಗ ಅತ್ತ ತಿರುಗಿ ನೋಡಬಾರದು, ಮೈ ಹೊರಳಿಸಬಾರದು, ಸವಾರನ ಸೊಂಟವನ್ನೋ ಹಿಂದಿನ ಹಿಡಿಯನ್ನೋ ಹಿಡಿದು ಅವನೊಂದಿಗೆ ಒಂದಾಗಿ ಕುಳಿತಿರಬೇಕು.

ಎರಡನೆಯ ಹಂತ: ಕಡಲ ಗಾಳಿ ಯಾವ ಬದಿಯಲ್ಲಿದೆ ಎಂದು ತಿಳಿದುಕೊಳ್ಳುವುದು

ಕಾಸರಗೋಡು ಜಿಲ್ಲೆಯ ಹೆದ್ದಾರಿ ಸವಾರರಿಗೆ ಇದು ಅತಿ ಮುಖ್ಯವಾದ ಭಾಗ. ಲಾರಿಯ ಗಾಳಿ ಎಂದೂ ಒಂಟಿಯಾಗಿ ಬರುವುದಿಲ್ಲ. ಅದು ಕಡಲ ಗಾಳಿಯೊಂದಿಗೆ ಕೂಡಿಕೊಂಡೋ ಅದನ್ನು ತಡೆದುಕೊಂಡೋ ಬರುತ್ತದೆ. ಬೇಸಗೆಯ ಮಧ್ಯಾಹ್ನದಿಂದ ಸಂಜೆಯವರೆಗೆ ಪಶ್ಚಿಮದಿಂದ ಕಡಲ ಗಾಳಿ ಬೀಸುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ನೈಋತ್ಯ ಮತ್ತು ಪಶ್ಚಿಮದಿಂದ ಬರುತ್ತದೆ. ಹೆದ್ದಾರಿ ಸಾಗುವುದು ಬಹುತೇಕ ಉತ್ತರ ದಕ್ಷಿಣವಾಗಿ. ಆದುದರಿಂದ ಗಾಳಿ ಯಾವಾಗಲೂ ಪಕ್ಕದಿಂದಲೇ ತಾಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಸಾಧಾರಣ ಕಡಲ ಗಾಳಿಯಲ್ಲೂ, 60 ಕಿ.ಮೀ. ವೇಗದಲ್ಲಿ ಸಾಗುವ ಸವಾರನಿಗೆ ಗಾಳಿ ನೇರ ಮುಂದಿನಿಂದಲ್ಲ, ಸುಮಾರು 17 ಡಿಗ್ರಿ ಓರೆಯಾಗಿ ತಾಗುತ್ತದೆ, ಮತ್ತು ಅದನ್ನು ಸರಿದೂಗಿಸಲು ಅವನು ತನಗೆ ಅರಿವಿಲ್ಲದೆಯೇ ಕಡಲಿನ ಕಡೆಗೆ ಸ್ವಲ್ಪ ವಾಲಿಕೊಂಡಿರುತ್ತಾನೆ.

ಮಂಜೇಶ್ವರದಿಂದ ಕಾಸರಗೋಡಿನತ್ತ ದಕ್ಷಿಣಕ್ಕೆ ಹೋಗುವಾಗ ಕಡಲು ಬಲಗಡೆ. ನಿಮ್ಮನ್ನು ಓವರ್‌ಟೇಕ್ ಮಾಡುವ ಲಾರಿಯೂ ಬಲಗಡೆಯೇ ಬರುತ್ತದೆ. ಅದು ನಿಮಗೂ ಕಡಲಿಗೂ ಅಡ್ಡವಾದೊಡನೆ ಗಾಳಿ ಥಟ್ಟನೆ ನಿಂತುಹೋಗುತ್ತದೆ, ಆದರೆ ಬಲಕ್ಕೆ ವಾಲಿಕೊಂಡ ನಿಮ್ಮ ಮೈ ಹಾಗೆಯೇ ಇರುತ್ತದೆ, ಮತ್ತು ಲಾರಿಯ ಪಕ್ಕದ ಸೆಳೆತವೂ ಬಲಕ್ಕೇ. ಎರಡೂ ಕೂಡಿ ಗಾಡಿ ಲಾರಿಯತ್ತ ಸರಿಯುತ್ತದೆ. ಲಾರಿ ದಾಟಿದ ಕೂಡಲೇ ನಿಂತಿದ್ದ ಕಡಲ ಗಾಳಿ ಮತ್ತೆ ಬಂದು ಎಡಕ್ಕೆ ದೂಡುತ್ತದೆ. ಇಲ್ಲಿ ಮಾಡಬೇಕಾದುದು ಇಷ್ಟು: ಕನ್ನಡಿಯಲ್ಲಿ ಲಾರಿ ಕಂಡಾಗಲೇ ನಿಮ್ಮ ವೇಗವನ್ನು ಒಂದಿಷ್ಟು ಇಳಿಸಿ, ವಾಲುವಿಕೆ ತಾನಾಗಿ ಕಡಿಮೆಯಾಗಲು ಬಿಡಿ.

ಕಾಸರಗೋಡಿನಿಂದ ಮಂಗಳೂರಿನ ಕಡೆಗೆ ಉತ್ತರಕ್ಕೆ ಹೋಗುವಾಗ ಕಡಲು ಎಡಗಡೆ. ನಿಮ್ಮನ್ನು ದಾಟುವ ಲಾರಿ ಗಾಳಿಯನ್ನು ತಡೆಯುವುದಿಲ್ಲ, ಆದರೆ ಕಡಲ ಗಾಳಿಯೇ ನಿಮ್ಮನ್ನು ಅದರ ಕಡೆಗೆ ಒತ್ತುತ್ತಿರುತ್ತದೆ, ಆದ್ದರಿಂದ ಸ್ವಲ್ಪ ಹೆಚ್ಚಿನ ಅಂತರ ಬೇಕು. ಈ ದಿಕ್ಕಿನಲ್ಲಿ ಕಷ್ಟವಾಗುವುದು ನೀವು ಲಾರಿಯನ್ನು ಓವರ್‌ಟೇಕ್ ಮಾಡುವಾಗ. ಅದನ್ನು ಮುಂದೆ ಹೇಳುತ್ತೇನೆ.

ಗಾಳಿಯ ಬಲವನ್ನು ತಿಳಿಯಲು ಉಪಕರಣ ಬೇಕಿಲ್ಲ. ಪಶ್ಚಿಮದ ತೆಂಗಿನ ಗರಿಗಳು ಒಂದೇ ಬದಿಗೆ ಒರಗಿ ನಿಂತಿವೆಯೇ, ಬಸ್ ನಿಲ್ದಾಣದ ಧ್ವಜಗಳು ಪೂರ್ತಿ ಚಾಚಿಕೊಂಡಿವೆಯೇ, ಎದುರು ಬರುವ ಲಾರಿಯ ಟಾರ್ಪಾಲು ಯಾವ ಬದಿಯಲ್ಲಿ ಉಬ್ಬಿದೆ ಎಂದು ಗಮನಿಸಿದರೆ ಸಾಕು. ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳ ಸೇತುವೆಗಳ ಮೇಲೆ, ಹಾಗೆಯೇ ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವ ಕರಾವಳಿ ರಸ್ತೆಯ ಚಂದ್ರಗಿರಿ ಸೇತುವೆಯ ಮೇಲೆ, ಮರ ಮನೆಗಳ ಮರೆ ಇಲ್ಲದೆ ಗಾಳಿ ನೇರವಾಗಿ ಬರುತ್ತದೆ. ಹೊಳೆಯ ಮೇಲೆ ಇರುವಷ್ಟು ಹೊತ್ತು ಯಾರನ್ನೂ ಓವರ್‌ಟೇಕ್ ಮಾಡುವುದಿಲ್ಲವೆಂದು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ಹಂತ: ಲಾರಿ ನಿಮ್ಮನ್ನು ದಾಟುವಾಗ

ಕೇರಳದಲ್ಲಿ 2023ರ ಜುಲೈಯಿಂದ ದ್ವಿಚಕ್ರ ವಾಹನಗಳ ಗರಿಷ್ಠ ವೇಗ 60 ಕಿ.ಮೀ. ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಭಾರೀ ಸರಕು ವಾಹನಕ್ಕೆ 80, ಬಸ್ಸಿಗೆ 95 ಕಿ.ಮೀ. ವರೆಗೆ ಅವಕಾಶವಿದೆ. ಅಂದರೆ ನಿಯಮ ಪಾಲಿಸುವ ಸವಾರನನ್ನು ದೊಡ್ಡ ವಾಹನಗಳು ದಾಟುತ್ತಲೇ ಇರುತ್ತವೆ, ಮತ್ತು ಇದು ದಾರಿಯುದ್ದಕ್ಕೂ ಮತ್ತೆ ಮತ್ತೆ ನಡೆಯುವ ಸಂಗತಿ. ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವೆಂಬ ಫಲಕವಿದ್ದಲ್ಲಿ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಫಲಕವಿಲ್ಲದಿದ್ದರೂ ಹತ್ತಿರದ ಪಯಣಕ್ಕೆ ಸರ್ವಿಸ್ ರಸ್ತೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಲಾರಿ ಕನ್ನಡಿಯಲ್ಲಿ ಕಾಣಿಸಿದಾಗ ನಿಮ್ಮ ಪಥದ ಎಡ ಭಾಗಕ್ಕೆ ಬನ್ನಿ, ಆದರೆ ಡಾಮರಿನ ತುತ್ತತುದಿಗೆ ಹೋಗಬೇಡಿ. ಎಡಗಡೆ ಕನಿಷ್ಠ ಒಂದು ಮೀಟರಿನಷ್ಟು ಗಟ್ಟಿ ರಸ್ತೆ ಉಳಿದಿರಬೇಕು, ಏಕೆಂದರೆ ಮೊದಲ ದೂಡುವಿಕೆಗೆ ಗಾಡಿ ಸರಿಯುವುದು ಅತ್ತಲೇ. ತುದಿಯಲ್ಲಿ ಡಾಮರು ಮುಗಿದು ಮಣ್ಣು ತಗ್ಗಿರುವಲ್ಲಿ ಚಕ್ರ ಇಳಿದರೆ ಅದನ್ನು ಮರಳಿ ಹತ್ತಿಸಲು ಹೋಗಿ ಬೀಳುವವರೇ ಹೆಚ್ಚು. ಮಳೆಯಲ್ಲಾದರೆ ಅಂಚಿನ ಬಿಳಿ ಗೆರೆ ಜಾರುತ್ತದೆ, ಅದರಾಚೆ ನೀರು ನಿಂತಿರುತ್ತದೆ.

ಆಮೇಲೆ ಮೈಯನ್ನು ಸಿದ್ಧಪಡಿಸಿಕೊಳ್ಳಿ. ಮೊಣಕೈಗಳು ಸ್ವಲ್ಪ ಮಡಚಿರಲಿ, ಅಂಗೈ ಹ್ಯಾಂಡಲನ್ನು ಹಿಡಿದಿರಲಿ ಆದರೆ ಹಿಸುಕದಿರಲಿ. ಬೈಕಾದರೆ ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ಸ್ಕೂಟರಾದರೆ ಪಾದಗಳನ್ನು ಚಪ್ಪಟೆಯಾಗಿ ಊರಿ, ಭಾರವನ್ನು ಕೈಗಳಿಂದ ಸೀಟಿಗೂ ಕಾಲಿಗೂ ಇಳಿಸಿ. ಕೈ ಸೆಟೆದುಕೊಂಡಿದ್ದರೆ ಗಾಳಿ ಎದೆಗೂ ಭುಜಕ್ಕೂ ಕೊಟ್ಟ ಪೆಟ್ಟು ತೋಳುಗಳ ಮೂಲಕ ನೇರವಾಗಿ ಹ್ಯಾಂಡಲಿಗೆ ಹೋಗುತ್ತದೆ, ಮತ್ತು ಗಾಡಿಯನ್ನು ತಿರುಗಿಸಿದ್ದು ಗಾಳಿಯಲ್ಲ, ಸವಾರನ ತೋಳೇ ಎಂದಾಗುತ್ತದೆ. ಕಣ್ಣು ದೂರದ ರಸ್ತೆಯ ಮೇಲಿರಲಿ. ಲಾರಿಯ ಚಕ್ರಗಳನ್ನು ನೋಡಿದವನು ಅತ್ತಲೇ ಸಾಗುತ್ತಾನೆ.

ಈಗ ಮುಖ್ಯವಾದ ಕ್ಷಣ. ನೀವು 40 ಕಿ.ಮೀ., ಲಾರಿ 70 ಕಿ.ಮೀ. ವೇಗದಲ್ಲಿದ್ದರೆ ಅದು ನಿಮ್ಮನ್ನು ದಾಟುವ ವೇಗ ಸೆಕೆಂಡಿಗೆ ಸುಮಾರು 8 ಮೀಟರ್. 12 ಮೀಟರ್ ಉದ್ದದ ಲಾರಿ ಒಂದೂವರೆ ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ. ಅದರ ಮುಖದ ಒತ್ತಡದ ವಲಯ ನಿಮ್ಮ ಮೇಲೆ ಹಾದುಹೋಗುವುದಕ್ಕೆ ಅದರಲ್ಲೊಂದು ಚಿಕ್ಕ ಪಾಲು ಸಾಕು. ಅನಿರೀಕ್ಷಿತವಾದುದಕ್ಕೆ ಮನುಷ್ಯ ಪ್ರತಿಕ್ರಿಯಿಸಲು ಅರ್ಧದಿಂದ ಒಂದು ಸೆಕೆಂಡ್ ಬೇಕು. ಹಾಗಾಗಿ ಎಡಕ್ಕೆ ದೂಡಿದ್ದಕ್ಕೆಂದು ನೀವು ಕೊಡುವ ಬಲಕ್ಕಿನ ತಿರುವು ಫಲ ಕೊಡುವುದು ಗಾಳಿ ಬಲಕ್ಕೆ ಸೆಳೆಯಲಾರಂಭಿಸಿದ ಮೇಲೆ. ಆದುದರಿಂದ ಎಡಕ್ಕೆ ಒಂದಡಿ ಸರಿದರೆ ಸರಿಯಲಿ, ಹ್ಯಾಂಡಲಿನಿಂದ ಅದಕ್ಕೆ ಉತ್ತರ ಕೊಡಬೇಡಿ. ಮೊದಲೇ ಉಳಿಸಿಕೊಂಡ ಒಂದು ಮೀಟರ್ ಇರುವುದು ಇದಕ್ಕಾಗಿಯೇ. ಗಾಡಿ ನೆಟ್ಟಗೆ ಸಾಗುತ್ತಿರಲಿ, ಆಕ್ಸಿಲರೇಟರ್ ಇದ್ದಲ್ಲೇ ಇರಲಿ, ಬ್ರೇಕ್ ಮುಟ್ಟಬೇಡಿ. ಬಳಿಕದ ಸೆಳೆತ ನಿಧಾನವಾದುದು, ಹೆಚ್ಚು ಹೊತ್ತಿನದು. ಅದಕ್ಕೆ ಎಡಕ್ಕೆ ಹಗುರವಾದ ಒತ್ತು ಕೊಡಬಹುದು, ಲಾರಿಯ ಬಾಲ ದಾಟುವ ಮುನ್ನವೇ ಅದನ್ನು ಸಡಿಲಿಸಬೇಕು. ಬಾಲ ದಾಟಿದ ಮೇಲೆ ಒಂದೆರಡು ಸೆಕೆಂಡು ಗಾಡಿ ನಡುಗುವುದು ಸಹಜ.

ಮುಂದಿನ ಚಕ್ರ ಎಡಬಲಕ್ಕೆ ಬಡಿದುಕೊಳ್ಳಲು ಆರಂಭಿಸಿದರೆ ಹ್ಯಾಂಡಲನ್ನು ಬಲವಂತವಾಗಿ ತಡೆದು ನಿಲ್ಲಿಸಲು ನೋಡಬೇಡಿ, ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ. ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಆಕ್ಸಿಲರೇಟರನ್ನು ಮೆಲ್ಲನೆ ಇಳಿಸಿ. ವೇಗ ತಗ್ಗಿದಂತೆ ಅದು ನಿಲ್ಲುತ್ತದೆ.

ಎದುರು ಬರುವ ವಾಹನ

ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾರಿಯಾಗಿ ಪುತ್ತೂರಿನ ಕಡೆಗೆ, ಅಥವಾ ಮುಳ್ಳೇರಿಯದ ಮೂಲಕ ಜಾಲ್ಸೂರಿಗೆ ಹೋಗುವ ರಸ್ತೆಗಳಲ್ಲಿ ನಡುವೆ ವಿಭಾಜಕವಿಲ್ಲ. ಎದುರಿನ ಬಸ್ಸು 60, ನೀವು 40 ಕಿ.ಮೀ. ವೇಗದಲ್ಲಿದ್ದರೆ ಹಾದುಹೋಗುವ ವೇಗ ಗಂಟೆಗೆ 100 ಕಿ.ಮೀ.; 12 ಮೀಟರ್ ಬಸ್ಸು ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ದೂಡುವಿಕೆಯೂ ಸೆಳೆತವೂ ಬೇರೆ ಬೇರೆಯಾಗಿ ಅರಿವಿಗೇ ಬರುವುದಿಲ್ಲ, ಎರಡೂ ಸೇರಿ ಒಂದು ಹೊಡೆತವಾಗಿ ತಾಗುತ್ತವೆ. ಇದಕ್ಕೆ ಆಗ ಮಾಡಬಹುದಾದುದು ಏನೂ ಇಲ್ಲ. ಬಸ್ಸು ಕಂಡಾಗಲೇ ಎಡಕ್ಕೆ ಸರಿದು, ವೇಗ ಇಳಿಸಿ, ಕೈ ಸಡಿಲವಾಗಿಟ್ಟು, ಹೆಲ್ಮೆಟ್ಟಿನ ಗಾಜು ಮುಚ್ಚಿಕೊಂಡಿರಬೇಕು. ಧೂಳೂ ಮಳೆನೀರೂ ಆ ಹೊಡೆತದೊಂದಿಗೇ ಮುಖಕ್ಕೆ ಬರುತ್ತವೆ.

ಈ ಒಳನಾಡಿನ ರಸ್ತೆಗಳಲ್ಲಿ ಗುಡ್ಡ ಕಡಿದು ಮಾಡಿದ ಜಾಗಗಳು ಬಹಳ. ಎಡಗಡೆ ಮುರಕಲ್ಲಿನ ದರೆ, ಬಲಗಡೆ ಬಸ್ಸು, ನಡುವೆ ನೀವು ಎಂದಾಗ, ಬಸ್ಸು ಪಕ್ಕಕ್ಕೆ ಚೆಲ್ಲಿದ ಗಾಳಿಗೆ ಹರಡಿಕೊಳ್ಳಲು ಬಯಲಿರುವುದಿಲ್ಲ. ಅದು ದರೆಗೂ ಬಸ್ಸಿಗೂ ನಡುವಿನ ಓಣಿಯಲ್ಲೇ ಹರಿಯಬೇಕು, ಹಾಗಾಗಿ ದೂಡುವಿಕೆಯೂ ಸೆಳೆತವೂ ಬಯಲು ರಸ್ತೆಗಿಂತ ಹೆಚ್ಚಾಗಿರುತ್ತವೆ. ಹೆದ್ದಾರಿ 66ರಲ್ಲಿ ಮಣ್ಣು ತುಂಬಿ ಎತ್ತರಿಸಿದ ಮುಖ್ಯ ರಸ್ತೆಯ ಕಾಂಕ್ರೀಟ್ ಗೋಡೆಯ ಪಕ್ಕದ ಸರ್ವಿಸ್ ರಸ್ತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥಲ್ಲಿ ಬಸ್ಸಿನೊಂದಿಗೆ ಜೊತೆಯಾಗಿ ಸಾಗದೆ, ಗೋಡೆ ಅಥವಾ ದರೆ ಆರಂಭವಾಗುವ ಮುನ್ನ ಅದನ್ನು ಮುಂದೆ ಬಿಟ್ಟು ಹೋಗಿ. ದರೆ ಮುಗಿದು ಬಯಲಿಗೆ ಬಂದಾಗ ಅಡ್ಡಗಾಳಿ ಒಮ್ಮೆಲೇ ತಾಗುವುದನ್ನೂ ನಿರೀಕ್ಷಿಸಿರಬೇಕು.

ನಾಲ್ಕನೆಯ ಹಂತ: ನೀವೇ ಲಾರಿಯನ್ನು ದಾಟುವಾಗ

ಮೊದಲ ಪ್ರಶ್ನೆ ದಾಟಲೇಬೇಕೇ ಎಂಬುದು. ಲಾರಿ 45, ನೀವು 60 ಕಿ.ಮೀ. ವೇಗದಲ್ಲಿದ್ದರೆ 12 ಮೀಟರ್ ಲಾರಿಯ ಪಕ್ಕದಲ್ಲಿ ಸುಮಾರು 3 ಸೆಕೆಂಡು ಇರುತ್ತೀರಿ. ಮಂಗಳೂರಿನಿಂದ ಬರುವ ಉದ್ದನೆಯ ಗ್ಯಾಸ್ ಟ್ಯಾಂಕರುಗಳಾದರೆ ಇನ್ನೂ ಹೆಚ್ಚು. ಲಾರಿ 55ರಲ್ಲಿದ್ದರೆ ನಿಯಮದ ವೇಗದೊಳಗೆ ಅದನ್ನು ದಾಟಲು ಸುಮಾರು 9 ಸೆಕೆಂಡು ಬೇಕಾಗುತ್ತದೆ. ಅಷ್ಟು ಹೊತ್ತು ಸೆಳೆತದ ವಲಯದಲ್ಲಿರುವುದು ವಿವೇಕವಲ್ಲ. ವೇಗದ ಅಂತರ ಕನಿಷ್ಠ 15 ಕಿ.ಮೀ. ಇಲ್ಲದಿದ್ದರೆ ಹಿಂದೆಯೇ ಇರಿ.

ಹಿಂದೆ ಇರುವುದಕ್ಕೂ ಕ್ರಮವಿದೆ. ಲಾರಿಯ ಬೆನ್ನಿಗೆ ಹತ್ತಿರವಾದಾಗ ಎದುರುಗಾಳಿ ಕಡಿಮೆಯಾಗಿ ಗಾಡಿ ಹಗುರವಾಗಿ ಓಡಿದಂತೆ ಅನಿಸುತ್ತದೆ, ಪೆಟ್ರೋಲೂ ಉಳಿಯುತ್ತದೆ. ಸೈಕಲ್ ಪಂದ್ಯಗಳಲ್ಲಿ ಗುಂಪಿನ ಒಳಗಿರುವವರು ಇದನ್ನೇ ನೆಚ್ಚಿಕೊಳ್ಳುತ್ತಾರೆ. 121 ಸೈಕಲ್ ಸವಾರರ ಗುಂಪಿನ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗುಂಪಿನ ಒಡಲಲ್ಲಿರುವವನಿಗೆ ತಾಗುವ ಗಾಳಿಯ ತಡೆ ಒಬ್ಬಂಟಿ ಸವಾರನದರ 5ರಿಂದ 10 ಶೇಕಡಾ ಮಾತ್ರ ಎಂದು ಕಂಡುಬಂದಿತು. ಆದರೆ ಅಲ್ಲಿ ಎಲ್ಲರದ್ದೂ ಒಂದೇ ಬಗೆಯ ವಾಹನ, ಒಂದೇ ವೇಗ. ಲಾರಿಯ ಹಿಂದೆ ನಿಮಗೆ ಮುಂದಿನ ಗುಂಡಿ ಕಾಣುವುದಿಲ್ಲ, ಎದುರಿನ ವಾಹನ ಕಾಣುವುದಿಲ್ಲ, ಲಾರಿ ಚಾಲಕನಿಗೆ ಕನ್ನಡಿಯಲ್ಲಿ ನೀವು ಕಾಣುವುದಿಲ್ಲ. ಅದು ಬ್ರೇಕ್ ಹಾಕಿದರೆ 60 ಕಿ.ಮೀ. ವೇಗದಲ್ಲಿ ನಿಮ್ಮ ಪ್ರತಿಕ್ರಿಯೆಯ ಒಂದು ಸೆಕೆಂಡಿನಲ್ಲೇ 16 ಮೀಟರಿಗಿಂತ ಹೆಚ್ಚು ದೂರ ಕಳೆದಿರುತ್ತದೆ. ಮೂರು ಸೆಕೆಂಡಿನ ಅಂತರ, ಅಂದರೆ ಆ ವೇಗಕ್ಕೆ 50 ಮೀಟರ್, ಇಟ್ಟುಕೊಳ್ಳಿ. ಅಂತರ ಸಾಕೇ ಎಂದು ತಿಳಿಯಲು ಒಂದು ಸರಳ ಗುರುತಿದೆ: ಹೆಲ್ಮೆಟ್ ಎಡಬಲಕ್ಕೆ ಅಲುಗುತ್ತಿದ್ದರೆ ನೀವಿನ್ನೂ ಲಾರಿಯ ಸುಳಿಗಾಳಿಯೊಳಗೇ ಇದ್ದೀರಿ, ಅದು ನಿಲ್ಲುವವರೆಗೆ ಹಿಂದೆ ಬನ್ನಿ.

ದಾಟಲು ನಿರ್ಧರಿಸಿದರೆ ಈ ದೂರದಿಂದಲೇ ಬಲಕ್ಕೆ ಬನ್ನಿ, ಲಾರಿಯ ಬೆನ್ನ ಹತ್ತಿರ ಹೋಗಿ ಥಟ್ಟನೆ ಹೊರಳಬೇಡಿ. ಪಕ್ಕದಲ್ಲಿ ಸಾಗುವಾಗ ಗಾಡಿಯನ್ನು ಎಡಕ್ಕೆ, ಲಾರಿಯತ್ತ, ಸೆಳೆಯುವ ಬಲವಿರುತ್ತದೆ. ಅದನ್ನು ಎದುರಿಸಲು ನೀವು ಬಲಕ್ಕೆ ಒತ್ತಿಕೊಂಡಿರುತ್ತೀರಿ. ಲಾರಿಯ ಮುಖದ ಮೂಲೆಗೆ ಬಂದ ಕ್ಷಣದಲ್ಲಿ ಸೆಳೆತ ತಿರುಗಿ ಬಲಕ್ಕೆ ದೂಡುವಿಕೆಯಾಗುತ್ತದೆ, ಅದೇ ಹೊತ್ತಿಗೆ ಎದುರುಗಾಳಿಯೂ ಪೂರ್ತಿ ಬಲದಿಂದ ಎದೆಗೆ ತಾಗುತ್ತದೆ. ಉತ್ತರಕ್ಕೆ ಹೋಗುತ್ತಿರುವವರಿಗೆ ಇದರೊಂದಿಗೆ ಮೂರನೆಯದೊಂದು ಸೇರಿಕೊಳ್ಳುತ್ತದೆ: ಅಷ್ಟು ಹೊತ್ತು ಲಾರಿ ಮರೆಮಾಡಿದ್ದ ಕಡಲ ಗಾಳಿ ಎಡದಿಂದ ಬಂದು ಅದೇ ಬಲಕ್ಕೆ ದೂಡುತ್ತದೆ. ಬಲಗಡೆ ಇರುವುದು ವಿಭಾಜಕ, ಅಥವಾ ಎದುರು ಬರುವ ವಾಹನಗಳ ಪಥ. ಆದುದರಿಂದ ಲಾರಿಯ ಕ್ಯಾಬಿನಿನ ಬಾಗಿಲಿಗೆ ಸಮನಾಗಿ ಬಂದಾಗಲೇ ಬಲಕ್ಕಿನ ಒತ್ತನ್ನು ಸಡಿಲಿಸಿ, ತಲೆ ಸ್ವಲ್ಪ ತಗ್ಗಿಸಿ, ಗಾಡಿ ಹೊರಬರಲು ಬಿಡಿ. ದಾಟಿದೊಡನೆ ಎಡಕ್ಕೆ ಕತ್ತರಿಸಿಕೊಂಡು ಹೋಗಬಾರದು. ಕನ್ನಡಿಯಲ್ಲಿ ಲಾರಿಯ ಮುಖ ಪೂರ್ತಿ ಕಾಣಿಸಿದ ಮೇಲೆ ನಿಧಾನವಾಗಿ ಎಡಕ್ಕೆ ಬನ್ನಿ.

ಗ್ಯಾಸ್ ಟ್ಯಾಂಕರಿನಲ್ಲಿ ಕ್ಯಾಬಿನಿಗೂ ಟ್ಯಾಂಕಿಗೂ ನಡುವೆ ತೆರವಿರುತ್ತದೆ. ಅಡ್ಡಗಾಳಿಯಿರುವ ದಿನ ಆ ತೆರವಿನ ಮೂಲಕ ಗಾಳಿ ನುಗ್ಗುವುದರಿಂದ ಪಕ್ಕದಲ್ಲಿ ಹೋಗುವವನಿಗೆ ನಡುವೆ ಇನ್ನೊಂದು ಪೆಟ್ಟು ಹೆಚ್ಚುವರಿಯಾಗಿ ಸಿಗುತ್ತದೆ. ಎರಡು ಲಾರಿಗಳ ನಡುವೆ ನುಸುಳಿ ಹೋಗುವುದನ್ನಂತೂ ಯಾವ ಕಾರಣಕ್ಕೂ ಮಾಡಬಾರದು: ಎರಡೂ ಬದಿಯ ಸೆಳೆತಗಳು ಒಂದನ್ನೊಂದು ಸರಿದೂಗಿಸುವುದು ನೀವು ಕರಾರುವಾಕ್ಕಾಗಿ ನಡುವಿನಲ್ಲಿದ್ದಾಗ ಮಾತ್ರ, ಕೊಂಚ ಸರಿದರೂ ಹತ್ತಿರದ ಲಾರಿಯ ಸೆಳೆತ ಮೇಲಾಗುತ್ತದೆ.

ರಿಕ್ಷಾ ಮತ್ತು ಕಾರುಗಳವರಿಗೆ

ಆಟೊರಿಕ್ಷಾ ಎತ್ತರವಾಗಿದ್ದು, ಮುಂದೆ ಒಂದೇ ಚಕ್ರವಿರುವುದರಿಂದ ಅಡ್ಡಗಾಳಿಗೆ ಬೇಗ ಅಲುಗುತ್ತದೆ. ಮಳೆಗಾಲದಲ್ಲಿ ಒಂದೇ ಬದಿಯ ಪರದೆ ಇಳಿಸಿ ಇನ್ನೊಂದನ್ನು ತೆರೆದಿಟ್ಟರೆ ಬಸ್ಸು ಹಾದಾಗ ಪರದೆ ಒಳಗಿನಿಂದ ಉಬ್ಬಿಕೊಂಡು ಗಾಳಿ ಹಿಡಿಯುತ್ತದೆ. ಅದನ್ನು ಕೆಳಗೂ ಪಕ್ಕದಲ್ಲೂ ಕಟ್ಟಿರಬೇಕು. ಗೂಡ್ಸ್ ರಿಕ್ಷಾದ ಟಾರ್ಪಾಲಿಗೂ ಇದೇ. ಹಗುರವಾದ ಕಾರಿನ ಮಾಡಿನ ಮೇಲೆ ಸಾಮಾನು ಕಟ್ಟಿದ್ದರೆ ಕಂಟೇನರ್ ಲಾರಿಯ ಮುಖ ದಾಟುವಾಗ ಸ್ಟೀರಿಂಗನ್ನು ಎರಡೂ ಕೈಗಳಲ್ಲಿ ಹಿಡಿದಿರಿ.

ಲಾರಿ, ಬಸ್ಸು ಓಡಿಸುವವರಲ್ಲಿ ವಿನಂತಿ

ಸವಾರ ಎಷ್ಟೇ ಸಿದ್ಧನಾಗಿದ್ದರೂ ಗಾಳಿಯನ್ನು ಉಂಟುಮಾಡುವುದು ದೊಡ್ಡ ವಾಹನವೇ, ಅದನ್ನು ತಗ್ಗಿಸುವ ಶಕ್ತಿಯಿರುವುದೂ ಅದರ ಚಾಲಕನ ಕಾಲಿನಲ್ಲಿ. ವೇಗವನ್ನು 80ರಿಂದ 60ಕ್ಕೆ ಇಳಿಸಿದರೆ ಗಾಳಿಯ ಒತ್ತಡ 100ರಲ್ಲಿ 44 ಪಾಲು ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ 2020ರಿಂದ ಸೈಕಲ್ ಸವಾರರನ್ನು ದಾಟುವ ಮೋಟಾರು ವಾಹನಗಳು ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ 2 ಮೀಟರ್ ಅಂತರ ಬಿಡಬೇಕೆಂದು ಕಾನೂನಿನಲ್ಲೇ ಇದೆ. ನಮ್ಮಲ್ಲೂ ಶಾಲೆಗೆ ಸೈಕಲಿನಲ್ಲಿ ಹೋಗುವ ಮಕ್ಕಳನ್ನು, ಹಿಂದೆ ಹೆಂಗಸರನ್ನೋ ಮಕ್ಕಳನ್ನೋ ಕೂರಿಸಿಕೊಂಡ ಸ್ಕೂಟರುಗಳನ್ನು ದಾಟುವಾಗ ಅಷ್ಟು ಅಂತರ ಬಿಡಿ. ರಸ್ತೆ ಅಗಲವಿಲ್ಲದೆ ಬಿಡಲಾಗದಿದ್ದರೆ ದಾಟದೆ ಹಿಂದೆ ನಿಧಾನವಾಗಿ ಬನ್ನಿ. ಪಕ್ಕದಲ್ಲಿ ಬಂದು ಹಾರನ್ ಬಾರಿಸಬೇಡಿ. ಸವಾರ ಬೆಚ್ಚಿ ಕೈ ಬಿಗಿಹಿಡಿಯುವುದು ಆಗಲೇ. ಹಾರನ್ ಬೇಕಿದ್ದರೆ 50 ಮೀಟರ್ ಹಿಂದಿನಿಂದ ಒಮ್ಮೆ ಸಣ್ಣಗೆ ಕೊಡಿ. ದಾಟಿದ ಮೇಲೆ ವಾಹನದ ಬಾಲ ಸವಾರನನ್ನು ಬಿಟ್ಟು ಎರಡು ಬಸ್ಸಿನ ಉದ್ದದಷ್ಟು ಮುಂದೆ ಹೋಗುವವರೆಗೆ ಎಡಕ್ಕೆ ಬರಬೇಡಿ, ನಿಲ್ದಾಣ ಹತ್ತಿರದಲ್ಲಿದ್ದರೆ ಅವನನ್ನು ದಾಟದೆ ಹಿಂದೆಯೇ ನಿಂತು ಜನರನ್ನು ಇಳಿಸಿಕೊಳ್ಳಿ.